ನಲವತ್ತೊಂದನೇ ಪುಟ

ಎಂಜಲು ಹಚ್ಚಿ ಪುಟ ತಿರುಗಿಸುವುದು ನನ್ನ ಮಗಳ ಚಾಳಿ. ಶಾಲೆಯ ಲೈಬ್ರರಿ ನೋಡಿಕೊಳ್ಳುವವಳ ಮಗಳೇ ಹೀಗೆ ಮಾಡಿದರೆ ಹೇಗೆ ಎಂದು ಎಷ್ಟು ಸಲ ಬೈದಿದ್ದೆನೋ. ಜ್ವರ ಬಂದು ಅವಳು ತೀರಿಹೋದಾಗ ಎರಡನೇ ಕ್ಲಾಸು.

ಅದಾಗಿ ತಿಂಗಳಿಗೆ ಚಿತ್ರಪುಸ್ತಕಗಳ ಹೊಸ ಕಟ್ಟು ಬಿಚ್ಚಿದೆ. ಯಾರೂ ಮುಟ್ಟದ ಪುಸ್ತಕ, ಪುಟಗಳ ಮೂಲೆಯೆಲ್ಲ ಒದ್ದೆ.

"ಯಾರು ಮೇಡಂ ಇದಕ್ಕೆ ಎಂಜಲು ಹಚ್ಚಿರೋದು?" ಎಂದು ಶಾಲೆಯ ಆಯಾ ಮುಖ ಸಿಂಡರಿಸಿದಳು. ನಾನು ಪುಸ್ತಕವನ್ನು ಅವಳ ಕೈಯಿಂದ ಇಸಕೊಂಡೆ.

ಅಂದಿನಿಂದ ಮೂಲೆ ಒದ್ದೆಯಾದ ಪುಸ್ತಕಗಳನ್ನಷ್ಟೇ ಓದುತ್ತ ಬಂದೆ. ಚಿತ್ರಪುಸ್ತಕ ಮುಗಿದು ಸಾಹಸದ ಕಥೆಗಳು ಬಂದವು, ಆಮೇಲೆ ದಪ್ಪ ಕಾದಂಬರಿಗಳು. ಎಂಟು ವರ್ಷ ಕಳೆದು ಈಗ, ಮೇಷ್ಟ್ರುಗಳಿಗೆಂದು ತರಿಸಿದ ಕೊಲೆಯ ಪತ್ತೇದಾರಿ. ದೊಡ್ಡವಳಾದಳಲ್ಲ ಎಂದುಕೊಂಡೆ.

ಹತ್ತನೇ ಕ್ಲಾಸಿನವರು ಶಾಲೆ ಬಿಡುವಾಗ ಅವರ ಲೈಬ್ರರಿ ಕಾರ್ಡುಗಳಿಗೆ 'ರದ್ದು' ಎಂದು ಮೊಹರು ಹಾಕಬೇಕು. ಹೋದ ಸೋಮವಾರ ಫೋನಿನಲ್ಲಿ ಹರಟುತ್ತ, ಹೆಸರು ಕೂಡ ನೋಡದೆ ಟಪಟಪ ಒತ್ತಿದೆ. ಒತ್ತಿದ ಮೇಲೆ ನೋಡಿದರೆ, ಕಟ್ಟಿನ ಕೊನೆಯ ಕಾರ್ಡು ನನ್ನ ಮಗಳದು. ಅವಳ ಜೊತೆಯವರ ಕಾರ್ಡುಗಳಲ್ಲೇ ಅದನ್ನೂ ಇಟ್ಟುಕೊಂಡು ಬಂದವಳು ನಾನೇ.

ಓಡಿಹೋಗಿ ಪತ್ತೇದಾರಿ ತೆರೆದೆ. ನಲವತ್ತೊಂದನೇ ಪುಟದವರೆಗೆ ಒದ್ದೆ. ಮುಂದೆಲ್ಲ ಗರಿಗರಿ.

ಅವಳ ಹೆಸರಿಗೆ ಹೊಸ ಕಾರ್ಡು ಬರೆದಿಟ್ಟೆ. ದಿನಾ ಬೆಲ್ ಹೊಡೆದ ಮೇಲೆ ಖಾಲಿ ಬೆಂಚಿನ ಮುಂದೆ ಕೂತು ಮುಂದಿನ ಪುಟಗಳನ್ನು ಗಟ್ಟಿಯಾಗಿ ಓದಿದೆ.

"ಯಾರಿಗೆ ಓದ್ತಿದೀರಿ ಮೇಡಂ?" ಅಂದಳು ಆಯಾ.

ವಾರವಾಯಿತು. ಆ ನಲವತ್ತೊಂದು ಪುಟಗಳೂ ಈಗ ಒಣಗಿವೆ. ಅವಳ ಹಳೇ ಕಾರ್ಡಿನ ಮೇಲೆ ನಾನು ಒತ್ತಿದ ಮೊಹರಿನ ಶಾಯಿ ಮಾತ್ರ ಇನ್ನೂ ಆರಿಲ್ಲ.