ಎತ್ತಿ ಕಟ್ಟಿದ ಜೋಕಾಲಿಗಳು

ದೂರು ಠಾಣೆಗೆ ಬಂದದ್ದು ಬೆಳಿಗ್ಗೆ ಏಳೂವರೆಗೆ. ತಂದವರು ಉದ್ಯಾನದ ಮೇಲ್ವಿಚಾರಕರು. ಪ್ಯಾಂಟು ಮೊಣಕಾಲಿನವರೆಗೆ ಒದ್ದೆ, ಸಿಟ್ಟು ನೆತ್ತಿಯವರೆಗೆ.

“ನದಿ ಕಡೆ ತೂಬು ಯಾರೋ ಎತ್ತಿದಾರೆ ಸಾರ್. ತಗ್ಗಿನ ಮೈದಾನ ಪೂರ್ತಿ ಕೆರೆ. ನೀರೆತ್ತೋ ಮೋಟಾರೂ ಸುಟ್ಟುಹೋಯ್ತು.”

“ನೀರು ನಿಲ್ಲೋಕೇ ಕಟ್ಟಿದ ಪಾರ್ಕಲ್ವೇನ್ರೀ ಅದು?” ಎಂದರು ಇನ್‌ಸ್ಪೆಕ್ಟರ್.

“ಪ್ರವಾಹ ಬಂದಾಗ ಸಾರ್! ಮಿಕ್ಕ ದಿನ ಮಕ್ಕಳು ಆಡೋಕೆ. ಈಗ್ಲೇ ತುಂಬಿಟ್ರೆ, ಸಂಜೆ ಮಳೆ ಸುರಿದಾಗ ಆ ನೀರು ಎಲ್ಲಿಗೆ ಹೋಗ್ಬೇಕು? ಊರೊಳಗೆ!”

ಎಫ್‌ಐಆರ್ ಆಯಿತು. ಪಂಚನಾಮೆ ಬರೆಯುವ ಕೆಲಸ ಕಾನ್‌ಸ್ಟೇಬಲ್ ತಲೆಗೆ ಬಿತ್ತು. ಆ ಉದ್ಯಾನವೆಂದರೆ ಅವನಿಗೆ ಮೈಯೆಲ್ಲ ಉರಿ. ಅವನು ಹುಟ್ಟಿದ ಕೆಳಗೇರಿ ಇದ್ದದ್ದು ಆ ತಗ್ಗಿನಲ್ಲೇ. ಮುಳುಗಿ ಸಾಯ್ತೀರಿ ಎಂದು ಹೆದರಿಸಿ ಕೇರಿಯನ್ನು ಎಬ್ಬಿಸಿದರು, ಒಂದೊಂದು ಮನೆಯನ್ನು ಊರಿನ ಒಂದೊಂದು ಮೂಲೆಗೆ ಎಸೆದರು, ಅಲ್ಲಿ ಹುಲ್ಲು ಬೆಳೆಸಿದರು. ಅವತ್ತಿನಿಂದ ಅವನು ಅತ್ತ ಕಾಲಿಟ್ಟಿರಲಿಲ್ಲ.

ತೂಬಿನ ಬೀಗ ಒಡೆದಿರಲಿಲ್ಲ, ಕೀಲಿ ಹಾಕಿಯೇ ತೆಗೆದಿದ್ದರು. ಮೈದಾನದಲ್ಲಿ ಜೋಕಾಲಿಗಳನ್ನೆಲ್ಲ ಸುತ್ತಿ ಮೇಲಿನ ಕಂಬಿಗೆ ಎತ್ತಿ ಕಟ್ಟಿದ್ದರು. ಕಸದ ಬುಟ್ಟಿಗಳು ಬೆಂಚುಗಳ ಮೇಲೆ ಬೋರಲಾಗಿ ಕೂತಿದ್ದವು.

“ಪುಂಡರು ಇಷ್ಟು ಅಚ್ಚುಕಟ್ಟಾಗಿ ಹಾಳು ಮಾಡ್ತಾರೇನಯ್ಯಾ?” ಇನ್‌ಸ್ಪೆಕ್ಟರ್ ಕೇಳಿದರು.

ಕಾನ್‌ಸ್ಟೇಬಲ್‌ನ ಪೆನ್ನು ನಿಂತಿತ್ತು. ನೀರಿನ ಸುಳಿವು ಸಿಕ್ಕರೆ ಕೆಳಗೇರಿಯ ಹೆಂಗಸರು ಮೊದಲು ಮಾಡುತ್ತಿದ್ದದ್ದೇ ಇದು. ತೊಟ್ಟಿಲನ್ನು ಸುತ್ತಿ ತೊಲೆಗೆ ಕಟ್ಟುವುದು, ಪಾತ್ರೆಗಳನ್ನು ಅಟ್ಟದ ಮೇಲೆ ಬೋರಲು ಹಾಕುವುದು. ಜೋಕಾಲಿಗೆ ಎರಡು ಸುತ್ತು ಹಾಕಿ ತುದಿಯನ್ನು ಒಳಕ್ಕೆ ತೂರಿಸಿದ ಆ ಗಂಟಂತೂ ಅವನ ದೊಡ್ಡಮ್ಮನದು. ತಾಯಿ ಹೋದಮೇಲೆ ಸಾಕಿದವಳು. ಈಗ ಇಲ್ಲೇ ಕಳೆ ಕೀಳುತ್ತಾಳೆ. ಗುದ್ದಲಿ ಕೋಣೆಯ ಕೀಲಿಗೊಂಚಲು ಅವಳ ಸೊಂಟದಲ್ಲೇ ಇರುತ್ತದೆ, ತೂಬಿನ ಕೀಲಿಯೂ ಆ ಗೊಂಚಲಲ್ಲೇ ಇದೆ ಎಂದು ಅವಳೇ ಒಮ್ಮೆ ಹೇಳಿದ್ದಳು.

ಬಾಯಿ ಮುಚ್ಚಿಕೊಂಡಿದ್ದರೆ ಆಗಿತ್ತು. ಆದರೆ ಅತ್ತ, ತೂಬಿನ ಇನ್ನೊಂದು ಕೀಲಿ ಇಟ್ಟುಕೊಂಡಿದ್ದ ಉದ್ಯಾನದ ಕಾವಲುಗಾರನನ್ನು ಜೀಪಿಗೆ ಹತ್ತಿಸುತ್ತಿದ್ದರು. ಆತ, “ನಾನಲ್ಲ ಸಾರ್, ಮಕ್ಕಳಾಣೆ,” ಎಂದು ಗೋಗರೆಯುತ್ತಿದ್ದ.

“ಅವನನ್ನ ಬಿಡಿ ಸಾರ್,” ಕಾನ್‌ಸ್ಟೇಬಲ್ ಹಲ್ಲು ಕಚ್ಚಿ ಹೇಳಿದ. “ಯಾರು ಅಂತ ನಂಗೊತ್ತು.”

ದೊಡ್ಡಮ್ಮ ನೀರಿನ ದಂಡೆಯ ಮೇಲೇ ಕೂತಿದ್ದಳು, ಸುತ್ತ ಜನ. ನೀರಿನ ಸುದ್ದಿ ಕೇಳಿ ಹಳೆಯ ಕೇರಿಯವರೆಲ್ಲ ಓಡಿಬಂದಿದ್ದರು.

“ಅಗೋ, ನಮ್ಮನೆ ಹೊಸಲು ಅಲ್ಲಿ!” ಎಂದ ಸೈಕಲ್ ರಿಪೇರಿಯವನು.

“ಥೂ, ಅದು ನಮ್ಮ ಬಚ್ಚಲು ಕಣೋ!” ಎಂದಳು ಇಸ್ತ್ರಿಯವಳು. ಗೊಳ್ಳೆಂದು ನಗು.

“ತೂಬು ಎತ್ತಿದ್ದು ನೀನಾ?” ಕಾನ್‌ಸ್ಟೇಬಲ್ ಕೇಳಿದ.

“ಹೂಂ.”

“ಯಾಕೆ ದೊಡ್ಡಮ್ಮ?”

“ನೀರು ಬಂದಾಗ ಇಡೀ ಕೇರಿ ಒಂದೇ ಮಾಳಿಗೆ ಮೇಲೆ ಮಲಗ್ತಿತ್ತು, ನೆನಪಿದ್ಯಾ? ಆರು ವರ್ಷದಿಂದ ಎಲ್ರನ್ನೂ ಕರೀತಾನೇ ಇದೀನಿ. ನಾಳೆ ಬರ್ತೀವಿ ಅಂತಾರೆ. ನೀರು ಬಂದ್ರೆ ಬರ್ತಾರೆ ಅನ್ನಿಸ್ತು.”

“ಸಂಜೆ ಮಳೆ ಬಂದ್ರೆ ಊರೇ ಮುಳುಗುತ್ತೆ!”

“ಮಧ್ಯಾಹ್ನದೊಳಗೆ ಖಾಲಿ ಮಾಡ್ಬೋದು ಅಂದ್ಕೊಂಡಿದ್ದೆ. ಮೋಟಾರು ಸುಡುತ್ತೆ ಅಂತ ನಂಗೇನು ಗೊತ್ತು?”

ಮಹಿಳಾ ಕಾನ್‌ಸ್ಟೇಬಲ್ ಬಂದಮೇಲೆ, ಹನ್ನೊಂದಕ್ಕೆ, ದಸ್ತಗಿರಿ. ಜೀಪು ಹತ್ತುವಾಗ ಅವಳು ಅವನ ತೋಳು ಹಿಡಿದಳು.

“ಎಲ್ರೂ ಬಂದ್ರು ಕಣೋ. ನೀನೂ ಬಂದೆ.”

ಅವಳ ಮನೆ ಠಾಣೆಯಿಂದ ಎರಡೇ ಬಸ್ ಸ್ಟಾಪು. ಅವನು ಹೋಗದೆ ವರ್ಷ ದಾಟಿತ್ತು.

ಬೇರೆ ಕಡೆಯಿಂದ ತರಿಸಿದ ಪಂಪುಗಳು ನೀರೆಳೆಯತೊಡಗಿದವು.

“ಉದ್ದೇಶ ಏನಂತ ಬರೀತೀಯ?” ಇನ್‌ಸ್ಪೆಕ್ಟರ್ ಮೆಲ್ಲಗೆ ಕೇಳಿದರು.

“ಜನ ಬೇಕಾಗಿತ್ತು ಸಾರ್.”

ಮೈದಾನದಲ್ಲಿ ಹುಲ್ಲು ತಲೆ ಎತ್ತುತ್ತಿತ್ತು. ನೀರು ಇಳಿದ ಹಾಗೆ ದಂಡೆಯ ಮೇಲಿನವರು ಒಬ್ಬೊಬ್ಬರೇ ಎದ್ದು ಹೊರಟರು.