ಡೂಪ್ಲಿಕೇಟ್ ಅಂತ ಜೋರಾಗಿ ಹೇಳಿ

“ಜೋರಾಗಿ ಹೇಳಿ, ಕೇಳಿಸ್ತಿಲ್ಲ.”

“ಅದೇ ರೀ… ಆ ವಾಚು. ಕಪ್ಪು ಡಯಲ್ ಇರೋದು.”

“ಅದು ಏನು ಅಂತ ಹೇಳಿ.”

ಅವನು ಹಿಂದೆ ಮುಂದೆ ನೋಡಿ, ಗಾಜಿನ ಮೇಲೆ ಬಾಗಿ, ಪಿಸುಗುಟ್ಟಿದ. “ಡೂಪ್ಲಿಕೇಟ್.”

“ಹೀಗೆ ಗುಟ್ಟಾಗಿ ಕೇಳೋರಿಗೆ ಈ ಅಂಗಡೀಲಿ ವ್ಯಾಪಾರ ಇಲ್ಲ. ‘ನನಗೊಂದು ಡೂಪ್ಲಿಕೇಟ್ ವಾಚ್ ಕೊಡಿ’ ಅಂತ ಬಾಯ್ತುಂಬ ಹೇಳಿ, ತಗೊಂಡು ಹೋಗಿ. ಇಲ್ದಿದ್ರೆ ದಾರಿ ಆ ಕಡೆ.”

ರೈಲು ನಿಲ್ದಾಣದ ಕೆಳಗಿನ ಸುರಂಗದಲ್ಲಿ ಒಂದು ಗಾಜಿನ ಪೆಟ್ಟಿಗೆ, ಒಂದು ಟ್ಯೂಬ್‌ಲೈಟು, ಎರಡು ಸ್ಟೂಲು. ಅಷ್ಟೇ ಅವಳ ಅಂಗಡಿ. ಲಕ್ಷಗಟ್ಟಲೆ ಬೆಲೆಯ ವಾಚುಗಳ ನಕಲುಗಳೆಲ್ಲ ಅಲ್ಲಿ ಸಾಲಾಗಿ ಮಲಗಿರುತ್ತಿದ್ದವು. ಪಕ್ಕದ ಮೊಬೈಲ್ ಕವರಿನ ಅಂಗಡಿಯವನು ಅವಳಿಗೆ ಬಜಾರಿ ಎಂದು ಹೆಸರಿಟ್ಟಿದ್ದ. ಇಟ್ಟುಕೊಳ್ಳಲಿ! ಬಾಯಿ ಇಲ್ಲದವಳು ಆ ಸುರಂಗದಲ್ಲಿ ನಾಲ್ಕು ದಿನವೂ ಬದುಕಲಾರಳು.

ಅವಳ ಈ ನಿಯಮಕ್ಕೆ ಕಾರಣವಿತ್ತು. ಹಿಂದೆ ಒಬ್ಬ ಅವಳನ್ನು ಪ್ರೀತಿಸುತ್ತಿದ್ದ. ಒಂದು ಸಂಜೆ ಗೆಳೆಯರೆದುರು, “ಇವಳು ವಾಚ್ ಕಂಪನೀಲಿ ಕೆಲಸ ಮಾಡ್ತಾಳೆ” ಎಂದು ಪರಿಚಯಿಸಿದ. “ಕಂಪನಿ ಅಲ್ಲ, ಸುರಂಗ. ನಾನು ಮಾರೋ ವಾಚೂ ಡೂಪ್ಲಿಕೇಟು, ಇವನೂ ಡೂಪ್ಲಿಕೇಟು” ಎಂದು ಅವಳು ಅಲ್ಲಿಂದ ಎದ್ದು ಬಂದಳು. ಮನೆಗೆ ಬಂದು ಅತ್ತಳು, ಅದು ಬೇರೆ ಮಾತು. ಮರುದಿನದಿಂದ ಪ್ರತಿ ಗಿರಾಕಿಯೂ ತಾನು ಕೊಳ್ಳುವುದೇನೆಂದು ಕೂಗಿ ಹೇಳಬೇಕಾಯಿತು. ಅರ್ಧಕ್ಕರ್ಧ ಜನ ಮುಖ ತಿರುಗಿಸಿ ಹೋದರು. ಹೋದರೆ ಹೋಗಲಿ ಎಂದಳು.

ಇಂದು ಪಿಸುಗುಟ್ಟಿದವನೂ ಹೋದ. ಆದರೆ ಮರುದಿನ ಮತ್ತೆ ಬಂದ.

ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವ ಮೇಷ್ಟ್ರಂತೆ. ಅವನು ಹೇಳುವ ಮೊದಲೇ ಅವಳಿಗೆ ಅನುಮಾನ ಬಂದಿತ್ತು. ಗಾಬರಿಯಾದಾಗಲೆಲ್ಲ ಅವನ ಬಲಗಾಲು ನೆಲವನ್ನು ಒತ್ತುತ್ತಿತ್ತು. ಕಲಿಯುವವರ ಪಕ್ಕ ಕೂತು ಕೂತು ಬ್ರೇಕ್ ಒತ್ತುವ ಚಟ ಅಂಟಿಕೊಂಡಿತ್ತು.

“ಬ್ರೇಕ್ ಬಿಡಿ ಮೇಷ್ಟ್ರೇ. ಅಳತೆ ನೋಡೋಕೆ ದುಡ್ಡು ಕೇಳಲ್ಲ. ಕೈ ಕೊಡಿ.”

ಕೊಟ್ಟ. ಸ್ಟೀಲಿನ ಚೈನು ಸಡಿಲವಾಗಿತ್ತು, ಎರಡು ಕೊಂಡಿ ತೆಗೆಯಬೇಕಿತ್ತು. ಅವಳು ತಲೆ ತಗ್ಗಿಸಿ ಪಿನ್ನು ತಳ್ಳುತ್ತಿದ್ದರೆ, ಅವನು ವಾಚು ಬಿಟ್ಟು ಅವಳ ಹಣೆಗೆ ಜಾರಿದ ಕೂದಲನ್ನೇ ನೋಡುತ್ತಿದ್ದ. ಅದು ಅವಳಿಗೆ ಗೊತ್ತಾಯಿತು. ಗೊತ್ತಾದದ್ದು ಅವನಿಗೂ ಗೊತ್ತಾಯಿತು.

“ವಾಚು ಇಲ್ಲಿದೆ” ಅಂದಳು, ತಲೆ ಎತ್ತದೆ.

“ನೋಡ್ತಿದೀನಲ್ಲ.”

“ಏನು ನೋಡ್ತಿದೀರಾ ಅಂತ ಕಾಣ್ತಿದೆ. ಕಾರಲ್ಲೂ ಹೀಗೇನಾ, ರಸ್ತೆ ಬಿಟ್ಟು ಬೇರೆಲ್ಲ ನೋಡೋದು?”

ಅವನ ಕಾಲು ಮತ್ತೆ ಬ್ರೇಕ್ ಹುಡುಕಿತು. ಅವಳಿಗೆ ನಗು ತಡೆಯಲಾಗಲಿಲ್ಲ.

“ಯಾರಿಗೆ ತೋರಿಸೋಕೆ ಈ ಶೋಕಿ?”

“ಭಾನುವಾರ ಒಂದು ಸಂಬಂಧ ನೋಡೋಕೆ ಹೋಗ್ಬೇಕು. ಹುಡುಗಿ ಕಡೆಯವರು ದೊಡ್ಡ ಜನ. ಬರಿಗೈಲಿ ಹೋದ್ರೆ ಮರ್ಯಾದೆ ಇರಲ್ಲ ಅಂತ ಅಕ್ಕ…”

ಪಿನ್ನು ಬೆರಳಿಗೆ ಚುಚ್ಚಿತು. ಥತ್! ನಿನ್ನೆ ಮೊನ್ನೆ ಬಂದ ಗಿರಾಕಿ, ಯಾರನ್ನು ನೋಡಿದರೆ ತನಗೇನು? ಆದರೂ ಪಿನ್ನನ್ನು ಬೇಕಾದ್ದಕ್ಕಿಂತ ಜೋರಾಗಿಯೇ ತಳ್ಳಿದಳು.

“ಹಾಗಾದ್ರೆ ಹೇಳಿ. ಜೋರಾಗಿ.”

ಅವನು ಕಣ್ಣು ಮುಚ್ಚಿ ಒಂದೇ ಉಸಿರಿಗೆ ಕೂಗಿದ. “ನನಗೊಂದು ಡೂಪ್ಲಿಕೇಟ್ ವಾಚ್ ಕೊಡಿ!”

ಸುರಂಗಕ್ಕೆ ಸುರಂಗವೇ ತಿರುಗಿ ನೋಡಿತು. ಕವರಿನವನು ಚಪ್ಪಾಳೆ ತಟ್ಟಿದ. ಕಣ್ಣು ತೆರೆದಾಗ ಅವನ ಮುಖ ಕೆಂಪಾಗಿತ್ತು, ಆದರೆ ನಗುತ್ತಿದ್ದ. ಅವಳು ಮಾತಿಗೆ ತಪ್ಪುವವಳಲ್ಲ, ವಾಚು ಕೊಟ್ಟಳು. ತೆಗೆದ ಕೊಂಡಿಗಳನ್ನು ಗಿರಾಕಿಗೇ ಕೊಡುವುದು ವಾಡಿಕೆ. ಅಂದು ಕೊಡಲಿಲ್ಲ. ಮರೆತುಹೋಯಿತು ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡಳು.

ಸೋಮವಾರ ಅವನು ಬಂದಾಗ ವಾಚು ಕೈಯಲ್ಲೇ ಇತ್ತು.

“ಮದುವೆ ಊಟ ಯಾವಾಗ?” ಎಂದಳು, ಒರೆಸಿದ ಗಾಜನ್ನೇ ಒರೆಸುತ್ತಾ.

“ಹುಡುಗಿ ಅಪ್ಪ ನನ್ನ ಕೈ ಹಿಡ್ಕೊಂಡು ‘ಒರಿಜಿನಲ್ಲಾ?’ ಅಂದ್ರು. ‘ಡೂಪ್ಲಿಕೇಟ್!’ ಅಂದೆ. ನೀವು ಹೇಳಿಕೊಟ್ಟ ಹಾಗೇ, ಬಾಯ್ತುಂಬ. ಒಳಗೆ ಯಾರೋ ಲೋಟ ಬೀಳಿಸಿದ್ರು.”

“ಅಯ್ಯೋ! ಆಮೇಲೆ?”

“ಆಮೇಲೇನು, ಚಪ್ಪಲಿ ಮೆಟ್ಕೊಂಡು ಬಂದ್ವಿ. ಒಂದು ಸಲ ಜೋರಾಗಿ ನಿಜ ಹೇಳಿದ್ಮೇಲೆ ಸುಳ್ಳಿಗೆ ನಾಲಿಗೆ ತಿರುಗಲ್ಲ ರೀ. ನನ್ನ ಕೆಡಿಸಿದ್ದು ನೀವು. ಇನ್ಮೇಲೆ ನೀವೇ ನೋಡ್ಕೋಬೇಕು.”

“ಏನನ್ನ?”

“ನನ್ನನ್ನ.”

ಅವಳು ಬಾಯಿ ತೆರೆಯುವಷ್ಟರಲ್ಲಿ ಅವನ ಬೆನ್ನು ಹತ್ತಿದ್ದ ಅಕ್ಕ ಮೆಟ್ಟಿಲಿಳಿದು ಬಂದೇಬಿಟ್ಟಳು. ತಾಯಿಯಿಲ್ಲದ ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು. ಅವಳು ಹಾಕಿದ ಗೆರೆಯನ್ನು ಅವನು ಈವರೆಗೆ ದಾಟಿದವನಲ್ಲ.

“ನಿನ್ನೆಯಿಂದ ಅನ್ನ ನೀರು ಬಿಟ್ಟು ‘ಅವಳೇ ಬೇಕು’ ಅಂತ ಕೂತಿದ್ದು ಇವಳಿಗಾಗೇನಾ?”

“ಹೂಂ ಅಕ್ಕ.”

ಗಾಜು ಒರೆಸುತ್ತಿದ್ದ ಕೈ ನಿಂತುಬಿಟ್ಟಿತು. ಅಕ್ಕ ಅವಳನ್ನು ಅಡಿಯಿಂದ ಮುಡಿಯವರೆಗೆ ಅಳೆದು, ಸ್ಟೂಲಿನ ಮೇಲೆ ಕೂತು, ನಿಟ್ಟುಸಿರು ಬಿಟ್ಟಳು.

“ಸರಿ ಬಿಡು, ನಿನ್ನ ಹಟಕ್ಕೆ ನಾನು ಸೋತೆ. ಹುಡುಗಿ ಲಕ್ಷಣವಾಗೇ ಇದಾಳೆ. ಆದ್ರೆ ನೆಂಟರ ಹತ್ರ ಈ ಸುರಂಗದ ಮಾತು ಬೇಡ. ವಾಚ್ ಕಂಪನೀಲಿ ಕೆಲಸ ಅಂತ ಹೇಳೋಣ. ಯಾರು ಬಂದು ನೋಡ್ತಾರೆ?”

ಅದೇ ಹಳೆಯ ಮಾತು. ಅವಳು ಒರೆಸುವ ಬಟ್ಟೆಯನ್ನು ಪಕ್ಕಕ್ಕಿಟ್ಟಳು. ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡಳು. ಈ ಸಲ ಹೇಳಬೇಕಾದವಳು ತಾನಲ್ಲ, ಅವನು. ಹೇಳದಿದ್ದರೆ ಕೊಂಡಿಗಳನ್ನು ಕೈಗಿಟ್ಟು ಕಳಿಸಿಬಿಡುವುದು, ಅಷ್ಟೇ. ಅವನ ಬಲಗಾಲನ್ನೇ ನೋಡುತ್ತ ನಿಂತಳು.

ಕಾಲು ಅಲುಗಲಿಲ್ಲ.

“ಎಲ್ಲರೂ ಕೇಳ್ರಪ್ಪಾ!” ರೈಲಿಗೆ ಓಡುತ್ತಿದ್ದವರೂ ನಿಂತರು. “ನಾನು ಮದುವೆ ಆಗ್ಬೇಕು ಅಂತಿರೋದು ಇವಳನ್ನ. ಇಲ್ಲೇ, ಈ ಸುರಂಗದಲ್ಲಿ, ಡೂಪ್ಲಿಕೇಟ್ ವಾಚ್ ಮಾರ್ತಾಳೆ!” ಆಮೇಲೆ ಅಕ್ಕನ ಕಡೆ ತಿರುಗಿ, ಮೆತ್ತಗೆ ಹೇಳಿದ. “ನೆಂಟರಿಗೂ ಹೀಗೇ ಹೇಳ್ತೀನಿ. ನಾಚಿಕೆ ಆದ್ರೆ ನೀನು ಬರ್ಬೇಡ. ಆದ್ರೆ ನೀನು ಬರ್ದೆ ನಂಗೆ ಮದುವೆ ಅನ್ಸಲ್ಲ ಅಕ್ಕ.”

“ಮಾನ ಹರಾಜು ಹಾಕ್ಬಿಟ್ಯಲ್ಲೋ” ಅಂದಳು ಅಕ್ಕ, ಕಣ್ಣೊರೆಸಿಕೊಳ್ಳುತ್ತಾ. ಆದರೆ ಸ್ಟೂಲಿನಿಂದ ಏಳಲಿಲ್ಲ.

ಅವನು ಗಾಜಿನ ಮೇಲೆ ಮೊಣಕೈ ಊರಿದ. “ನಂದು ಹೇಳಿದ್ದಾಯ್ತು. ಈಗ ನೀವು.”

ಊರಿಗೆಲ್ಲ ಬಾಯಿ ಬಿಡಿಸಿದವಳು ಈಗ ತಲೆ ತಗ್ಗಿಸಿದಳು. ಡ್ರಾಯರಿನಿಂದ ಆ ಎರಡು ಕೊಂಡಿ ತೆಗೆದು ಅವನ ಅಂಗೈಯಲ್ಲಿಟ್ಟಳು.

“ಬೇಕಂತಲೇ ಇಟ್ಕೊಂಡಿದ್ದೆ” ಎಂದು ಪಿಸುಗುಟ್ಟಿದಳು. “ನೀನು ಮತ್ತೆ ಬರ್ಲಿ ಅಂತ.”

“ಜೋರಾಗಿ ಹೇಳಿ, ಕೇಳಿಸ್ತಿಲ್ಲ.”

ದುರುಗುಟ್ಟಿ ನೋಡಿದಳು. ಅವನು ಹಲ್ಲು ಕಿರಿದ. ಅವಳು ಎದೆ ತುಂಬ ಉಸಿರು ಎಳೆದುಕೊಂಡಳು.

“ನಂಗೆ ಇವನೇ ಬೇಕು!”

ಪಕ್ಕದ ಅಂಗಡಿಯವನ ಕೈಯಿಂದ ಕವರುಗಳು ಉದುರಿದವು. ಅಕ್ಕ ಎರಡೂ ಕಿವಿ ಮುಚ್ಚಿಕೊಂಡಳು.

“ಕೇಳಿಸ್ತು ಕಣಮ್ಮ” ಅಂದಳು. “ನೆಂಟರಿಗೂ ಕೇಳಿಸಿರುತ್ತೆ.”