ಹೊಳೆಗೆ ನೀರು ಬಿಟ್ಟ ಮಧ್ಯಾಹ್ನ

"ಇನ್ನೊಂದು ಬಕೆಟ್ ತಗೊಂಡು ಬಾ," ಎಂದಳು ಉದ್ದಜಡೆ, ತಲೆ ಎತ್ತದೆ.

ಅಣೆಕಟ್ಟಿನ ಕೆಳಗೆ, ಹೊಳೆಯಂಚಿನಲ್ಲಿ ಬೆಳಿಗ್ಗೆ ಮೊಣಕಾಲುದ್ದ ನೀರಿದ್ದ ಜಾಗ ಈಗ ಬರೀ ಕೆಸರು. ಅಲ್ಲಲ್ಲಿ ತಟ್ಟೆಯಗಲದ ಗುಂಡಿಗಳಲ್ಲಿ ಸ್ವಲ್ಪ ನೀರು ಉಳಿದಿತ್ತು. ಅದರಲ್ಲಿ ಬೆರಳುದ್ದದ ಮರಿಮೀನುಗಳು ಒದ್ದಾಡುತ್ತಿದ್ದವು. ಉದ್ದಜಡೆ, ಅವಳ ಅಪ್ಪ, ಇನ್ನೂ ಮೂವರು ಮೀನುಗಾರರು ಅವನ್ನು ಬೊಗಸೆಯಲ್ಲಿ ಎತ್ತಿ, ಬಕೆಟ್‌ನಲ್ಲಿ ಹೊತ್ತು ನಡುಹೊಳೆಗೆ ಬಿಡುತ್ತಿದ್ದರು. ಮರಿಗಳು ಹೋದರೆ ಮುಂದಿನ ವರ್ಷ ಬಲೆಗೆ ಏನೂ ಬೀಳುವುದಿಲ್ಲ ಎಂದು ಅಪ್ಪ ಗೊಣಗಿದರು.

ಗೇಟು ಬಕೆಟ್ ಹಿಡಿದು ನಿಂತಳು. ಅಣೆಕಟ್ಟಿನ ಗೇಟ್ ಏರಿಸಿ ಇಳಿಸುವ ಕೆಲಸ ಅವಳ ಅಮ್ಮನದು. ಅದಕ್ಕೇ ಸ್ಕೂಲಿನಲ್ಲಿ ಅವಳಿಗೆ ಆ ಹೆಸರು, ಜಡೆ ಉದ್ದವಿದ್ದ ಗೆಳತಿಗೆ ಉದ್ದಜಡೆ ಅಂತ ಇದ್ದ ಹಾಗೆ. ಇಷ್ಟು ದಿನ ಅದು ತಮಾಷೆಯಾಗಿತ್ತು. ಇವತ್ತು ಯಾರೂ ಅವಳ ಮುಖ ನೋಡುತ್ತಿರಲಿಲ್ಲ.

"ನಿಮ್ಮಮ್ಮ ಯಾಕೆ ಒಂದೇ ಸಲಕ್ಕೆ ಮುಚ್ಚಿಬಿಟ್ರು?" ಉದ್ದಜಡೆ ಕೇಳಿದಳು.

ಗೇಟು ಬಕೆಟ್ ಕೆಳಗಿಟ್ಟು ಓಡಿದಳು.

ಅಣೆಕಟ್ಟಿನ ಮೆಟ್ಟಿಲು ಹತ್ತಿ ಅಮ್ಮನ ಕಂಟ್ರೋಲ್ ರೂಮಿಗೆ ನುಗ್ಗಿ, ಏದುಸಿರು ಬಿಡುತ್ತಲೇ ಕಂಡದ್ದೆಲ್ಲ ಹೇಳಿದಳು. ಅಮ್ಮನ ಮುಖ ಸಪ್ಪಗಾಯಿತು. ಅಣೆಕಟ್ಟು ಬೇಗ ತುಂಬಬೇಕು, ಗೇಟ್ ಪೂರ್ತಿ ಇಳಿಸು ಎಂದು ಬೆಳಿಗ್ಗೆ ಸಾಹೇಬರು ಫೋನ್ ಮಾಡಿದ್ದರಂತೆ. ಮೀನು ಮರಿ ಮಾಡುವ ತಿಂಗಳಲ್ಲಿ ಗೇಟನ್ನು ಗಂಟೆಗೆ ಒಂದು ಗೇಣಿಗಿಂತ ಹೆಚ್ಚು ಇಳಿಸಬಾರದು ಎಂಬ ನಿಯಮ ಗೋಡೆಯ ಮೇಲೇ ಇತ್ತು. ಅಮ್ಮ ಅದನ್ನು ನೆನಪಿಸುವಷ್ಟರಲ್ಲಿ ಅವರು ಫೋನ್ ಇಟ್ಟುಬಿಟ್ಟಿದ್ದರು.

"ಕೆಳಗೆ ಎಷ್ಟು ಜನ ಇದಾರೆ?"

"ಐದು."

ಅಮ್ಮ ಸೈರನ್ ಒತ್ತಿದಳು. "ಐದೂ ಜನ ದಡ ಹತ್ತೋ ತನಕ ಗೇಟ್ ಎತ್ತಲ್ಲ. ಕಿಟಕಿಯಿಂದ ನೋಡಿ ಎಣಿಸು."

ಮೂವರು ಮೀನುಗಾರರು ಬೇಗನೆ ಮೇಲೆ ಬಂದರು. ಉದ್ದಜಡೆಯ ಅಪ್ಪ ನಾಲ್ಕನೆಯವರು. ಉದ್ದಜಡೆ ಮಾತ್ರ ತುಂಬಿದ ಬಕೆಟ್ ಬಿಡಲೊಲ್ಲದೆ ಬರುತ್ತಾ ಕೆಸರಿನಲ್ಲಿ ಹೂತುಕೊಂಡಳು. ಸೈರನ್ ಕೂಗುತ್ತಲೇ ಇತ್ತು. ಅಪ್ಪ ಮತ್ತೆ ಇಳಿದು ಅವಳ ರಟ್ಟೆ ಹಿಡಿದು ಎಳೆದರು. ಇಬ್ಬರೂ ದಡ ಹತ್ತುವವರೆಗೆ ಗೇಟು ಕಿಟಕಿಯಿಂದ ಕಣ್ಣು ಕೀಳಲಿಲ್ಲ.

"ಐದು," ಎಂದಳು ಕೊನೆಗೆ.

ಗೇಟ್ ನಿಧಾನವಾಗಿ ಎದ್ದಿತು. ಕಂದು ನೀರು ಕೆಸರಿನ ಮೇಲೆ ಹರಡಿತು. ಗುಂಡಿಗಳು ಒಂದೊಂದಾಗಿ ಹೊಳೆಗೆ ಸೇರಿಕೊಂಡವು. ಕತ್ತಲಾಗುವವರೆಗೂ ಇನ್ನು ಗಂಟೆಗೆ ಒಂದೇ ಗೇಣು ಇಳಿಸುತ್ತೇನೆ ಎಂದಳು ಅಮ್ಮ.

ಆಮೇಲೆ ಅವಳೇ ಫೋನ್ ಎತ್ತಿಕೊಂಡಳು.

"ಸರ್, ಗೇಟ್ ತೆರೆದಿದೀನಿ. ಹೌದು, ನಿಮ್ಮನ್ನ ಕೇಳದೇನೇ. ನಾಳೆ ಆಫೀಸಿಗೆ ಬರ್ತೀನಿ ಸರ್."

ಅಮ್ಮನ ದನಿ ಅಳುಕಲಿಲ್ಲ. ಅಷ್ಟು ದೊಡ್ಡ ಗೇಟನ್ನೇ ಎತ್ತುವವಳಿಗೆ ಯಾರ ಹೆದರಿಕೆ ಎಂದು ಗೇಟು ಯಾವಾಗಲೂ ಅಂದುಕೊಳ್ಳುತ್ತಿದ್ದಳು. ಹತ್ತಿರ ಹೋಗಿ ಅಮ್ಮನ ಇನ್ನೊಂದು ಕೈ ಹಿಡಿದಳು. ಅದು ತಣ್ಣಗಿತ್ತು, ಸಣ್ಣಗೆ ನಡುಗುತ್ತಿತ್ತು.

ಫೋನ್ ಮುಗಿಯುವವರೆಗೂ ಗೇಟು ಆ ಕೈಯನ್ನು ಬಿಡಲಿಲ್ಲ.